ತೆಂಗಿನ ನುಸಿಗೆ ನುಸಿಯೇ ಮದ್ದು

ಮಾನ್ಯ ಸಂಪಾದಕರೇ,

ಗಂಗಾವತಿ ಹತ್ತಿರ ನಮ್ಮ ಗದ್ದೆ ಬದುವಿನಲ್ಲಿ ಹದಿನೆಂಟು ತೆಂಗಿನ ಮರ ಇವೆ. ಎರಡು ವರ್ಷದಿಂದ ಕಾಯಿ ಎಲ್ಲಾ ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಸೀಳಿ, ಸೊಟ್ಟಗಾಗಿ ಬರ್ತಾ ಇವೆ. ನುಸಿ ಕಾಟ. ಅಂಗಡಿಯವರು ಕೊಟ್ಟ ಔಷಧಿಯನ್ನು ಮೂರು ಸಲ ಹೊಡೆಸಿದೆ, ಮರ ಹತ್ತುವವನ ಕೂಲಿಯೇ ಜಾಸ್ತಿ ಆಯ್ತು, ಕಾಯಿ ಮಾತ್ರ ಹಾಗೇ.

ಹೊಡೆದರೂ ತಾಗಲ್ಲ ಅಲ್ವಾ! ನುಸಿ ಇರುವುದು ತೊಟ್ಟಿನ ಟೋಪಿಯ ಒಳಗೆ. ಒಂದು ಎಳೆಗಾಯಿಯ ಟೋಪಿ ಕಿತ್ತು ಭೂತಗನ್ನಡಿಯಲ್ಲಿ ನೋಡಿದೆ. ಬಿಳಿ ಪುಡಿ ಉದುರಿಸಿದ ಹಾಗೆ ಸಣ್ಣ ಹುಳಗಳು, ಉದ್ದ ಒಂದು ಮಿಲಿಮೀಟರಿನ ಕಾಲು ಭಾಗವೂ ಇಲ್ಲ. ಅವುಗಳ ನಡುವೆ ಸ್ವಲ್ಪ ದೊಡ್ಡದೊಂದು ಸರಸರ ಓಡಾಡುತ್ತಿತ್ತು. ನುಸಿ ತಿನ್ನುವ ನುಸಿ ಅದೇ ಇರಬೇಕು. ನಿಯೋಸಿಯುಲಸ್ ಬರಾಕಿ ಅಂತ ಒಂದು ಜಾತಿ ಇದೆ, ಮೈ ಚಪ್ಪಟೆ, ಹಾಗಾಗಿ ಟೋಪಿಯ ಸಂದಿಯಲ್ಲಿ ನುಸುಳುತ್ತದೆ. ಆದರೆ ಕಾಯಿ ತೀರಾ ಎಳೆಯದಿದ್ದಾಗ ಸಂದಿ ಬಿಗಿ, ಆಗ ಇದು ಒಳಗೆ ಹೋಗಲಾರದು, ಅಷ್ಟರಲ್ಲಿ ಶತ್ರು ಸಂಸಾರ ಹೂಡಿರುತ್ತದೆ. ಪೂರ್ತಿ ಗುಣ ಅಂತ ನಾನೂ ಹೇಳಲ್ಲ.

ಶ್ರೀಲಂಕಾದಲ್ಲಿ ಇದನ್ನು ಸಾಕಿ ತೋಟಕ್ಕೆ ಬಿಟ್ಟಿದ್ದಾರೆ. ಭತ್ತಕ್ಕೆ ಅಷ್ಟೆಲ್ಲ ತಲೆಕೆಡಿಸಿಕೊಳ್ಳುವ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನೂ ಸಾಕಿ ಕೊಡಲಿ. ಅಲ್ಲಿವರೆಗೆ ಸುಮ್ನೆ ಕಂಡಕಂಡ ವಿಷ ಹೊಡೆಯಬೇಡಿ, ಸತ್ತರೆ ಮೊದಲು ಸಾಯುವುದು ಹೊರಗೆ ಓಡಾಡುವ ಈ ನಮ್ಮವನೇ.

— ಒಬ್ಬ ರೈತ, ಗಂಗಾವತಿ ತಾಲ್ಲೂಕು