ಹೆಸರಿಗೆ ಗದ್ದೆ ಆದ್ಮೇಲೆ ತೆಂಗು ನೆಟ್ಟರು

ಮಾನ್ಯ ಸಂಪಾದಕರೇ,

ಇದ್ದವರಿಂದ ತಗೊಂಡು ಇಲ್ಲದವರಿಗೆ ಕೊಡೋದು ಸರ್ಕಾರದ ಕೆಲಸವಾ ಅಲ್ವಾ ಅಂತ ಅರ್ಥಶಾಸ್ತ್ರಜ್ಞರ ಜಗಳ ಮುಗಿಯೋದೇ ಇಲ್ಲ. 2013ರಲ್ಲಿ ಜಗದೀಶ್ ಭಗವತಿ ಮತ್ತು ಅಮರ್ತ್ಯ ಸೇನ್ ನಡುವೆ ನಡೆದದ್ದೂ ಹೆಚ್ಚುಕಡಿಮೆ ಇದೇ, ಮೊದಲು ಬೆಳವಣಿಗೆ ಅಂತ ಭಗವತಿ, ಶಿಕ್ಷಣ ಆರೋಗ್ಯಕ್ಕೆ ಮೊದಲು ಹಾಕಿ ಅಂತ ಸೇನ್. ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಓಕನ್ 1975ರಲ್ಲೇ ಹೇಳಿದ್ರು, ಹೀಗೆ ಹಂಚೋದು ತೂತು ಬಕೆಟಲ್ಲಿ ನೀರು ಹೊತ್ತ ಹಾಗೆ, ದಾರೀಲಿ ಸೋರತ್ತೆ ಅಂತ. ಸೋರೋದು ಸುಳ್ಳಲ್ಲ, ಆದ್ರೆ ನಮ್ಮನೇಲಿ ಕಂಡಿದ್ದು ಬೇರೆ.

ನಮ್ಮಜ್ಜ ಅಂಕೋಲಾ ಕಡೆ ಗೇಣಿಗೆ ಗದ್ದೆ ಮಾಡ್ತಿದ್ರು. ಕೊಯ್ಲು ಮುಗಿದ್ರೆ ಒಡೆಯರ ಅಂಗಳಕ್ಕೆ ಭತ್ತ ಹೊತ್ತು ಕೊಳಗದಲ್ಲಿ ಅಳೆದು ಕೊಟ್ಟು ಖಾಲಿ ಚೀಲ ಮಡಚಿಕೊಂಡು ಬರೋದು. ಗದ್ದೆ ಬದುವಿನ ಅಂಚಲ್ಲಿ ಒಂದು ತೆಂಗಿನ ಸಸಿ ನೆಡ್ತಿರ್ಲಿಲ್ಲ, ಫಸಲು ಬರೋಕೆ ಆರೇಳು ವರ್ಷ ಬೇಕು, ಅಷ್ಟೊತ್ತಿಗೆ ಗದ್ದೆ ಯಾರ ಕೈಲಿರ್ತದೋ. ದಿನಕರ ದೇಸಾಯಿಯವರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಗೇಣಿದಾರರನ್ನ ಒಟ್ಟುಗೂಡಿಸಿ ಹೋರಾಡಿದ್ರು, ಆಮೇಲೆ ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ, ಗೇಣಿದಾರರಿಗೇ ಜಮೀನು ಕೊಡೋ ಭೂಸುಧಾರಣೆ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಜ್ಜ ಗದ್ದೆ ತನ್ನ ಹೆಸರಿಗೆ ಮಾಡಿ ಅಂತ ಕೇಳೋ ಅರ್ಜಿ, ಫಾರಂ ನಂಬರ್ 7, ತುಂಬಿಸಿ ಭೂನ್ಯಾಯಮಂಡಳಿ ಎದುರು ನಿಂತ್ರು, ಗದ್ದೆ ಹೆಸರಿಗಾಯ್ತು. ಮರುವರ್ಷವೇ ಚಿರೇಕಲ್ಲು ತಂದು ಬದು ಕಟ್ಟಿಸಿದ್ರು, ಹನ್ನೆರಡು ತೆಂಗು ನೆಟ್ಟರು. ಅಪ್ಪನ ಕಾಲೇಜು ಫೀಸು ಆ ಕಾಯಿಂದ. ಹಂಚಿದ್ರೆ ಜನ ಸೋಮಾರಿಗಳಾಗ್ತಾರೆ ಅನ್ನೋರು ಬಂದು ಆ ಮರ ನೋಡ್ಲಿ. ಜಮೀನು ಗೇಣಿಗೆ ಕೊಟ್ಟು ಆ ಅಕ್ಕಿಯನ್ನೇ ನಂಬಿದ್ದ ಕೆಲವು ಬಡ ವಿಧವೆಯರೂ ಜಮೀನು ಕಳ್ಕೊಂಡ್ರು, ಅದನ್ನೂ ಹೇಳಬೇಕು.

ಈಗ ನೋಡಿ, ಸತ್ತವರ ಆಸ್ತಿ ಮೇಲಿನ ತೆರಿಗೆ 1985ರಲ್ಲೇ ಹೋಯ್ತು, ಸಂಪತ್ತು ತೆರಿಗೆ 2015ರ ಬಜೆಟಲ್ಲಿ ಹೋಯ್ತು. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಪಿಕೆಟ್ಟಿ ಮತ್ತೆ ಅವರ ಜೊತೆಗಾರರು 2024ರಲ್ಲಿ ಕೊಟ್ಟ ಲೆಕ್ಕದಂತೆ 2022-23ರಲ್ಲಿ ದೇಶದ ಸಂಪತ್ತಲ್ಲಿ ಶೇಕಡಾ 40.1 ಮೇಲಿನ ಶೇಕಡಾ ಒಂದರಷ್ಟು ಜನರ ಹತ್ರ. ಗೃಹಲಕ್ಷ್ಮಿಯ 2000 ರೂಪಾಯಿ ನಮ್ಮನೆಗೂ ಬರ್ತದೆ, ಬೇಡ ಅನ್ನಲ್ಲ, ಅದ್ರಲ್ಲಿ ತಿಂಗಳ ಗ್ಯಾಸು ದಿನಸಿ ನಡೀತದೆ. ಆದ್ರೆ ಅಜ್ಜನಿಗೆ ಸಿಕ್ಕಂಥದ್ದು, ಮುಂದಿನ ಹತ್ತು ವರ್ಷದ ಯೋಚನೆ ಮಾಡೋ ಧೈರ್ಯ, ಅದು ಆ ದುಡ್ಡಲ್ಲಿ ಬರಲ್ಲ. ಹಂಚೋದಾದ್ರೆ ಅಂಥದ್ದನ್ನ ಹಂಚಿ.

ಕೋಟಿಗಟ್ಟಲೆ ಪಿತ್ರಾರ್ಜಿತ ಆಸ್ತಿಗೆ ಮತ್ತೆ ತೆರಿಗೆ ಹಾಕಿ. ಇವತ್ತಿಗೂ ನಮ್ಮ ಜಿಲ್ಲೇಲಿ ಯಾರಿಗಾದ್ರೂ ದೊಡ್ಡ ಕಾಯಿಲೆ ಬಂದ್ರೆ ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಓಡ್ತೇವೆ, ಆಂಬುಲೆನ್ಸ್ ಬಾಡಿಗೆಗೇ ಕಿವಿಯೋಲೆ ಅಡ ಇಡ್ತಾರೆ. ಆ ತೆರಿಗೆ ದುಡ್ಡಲ್ಲಿ ಮೊದಲು ಇಲ್ಲೊಂದು ದೊಡ್ಡ ಆಸ್ಪತ್ರೆ ಕಟ್ಟಿ.

– ಒಬ್ಬ ಓದುಗ, ಅಂಕೋಲಾ