ಈ ಶನಿವಾರದ ಸಿನಿಮಾ: ದಿ ಸ್ಕಲ್ಸ್

ಗೆಳೆಯರೇ, ಈ ವಾರ 2000ನೇ ಇಸವಿಯ 'ದಿ ಸ್ಕಲ್ಸ್' ನೋಡೋಣ. ನಿರ್ದೇಶಕ ರಾಬ್ ಕೊಹೆನ್, ಜೋಶುವಾ ಜಾಕ್ಸನ್ ಮತ್ತು ಪಾಲ್ ವಾಕರ್ ಇದ್ದಾರೆ. ರಾತ್ರಿ 9ಕ್ಕೆ ಅವರವರ ಮನೆಯಲ್ಲೇ ಶುರು ಮಾಡಿ, ಚರ್ಚೆ ಭಾನುವಾರ ಬೆಳಿಗ್ಗೆ. ಅಲ್ಲಿವರೆಗೆ ಯಾರು ಸಾಯ್ತಾರೆ ಅಂತ ಇಲ್ಲಿ ಹಾಕಬೇಡಿ, ಪ್ಲೀಸ್.

ಕೈಯಲ್ಲಿ ಕಾಸಿಲ್ಲದ, ದೋಣಿ ಸ್ಪರ್ಧೆಯಲ್ಲಿ ಗಟ್ಟಿಗನಾದ ಹುಡುಗನೊಬ್ಬನನ್ನು ಶ್ರೀಮಂತರ ಗುಟ್ಟಿನ ಸಂಘ ಒಳಗೆ ಸೇರಿಸಿಕೊಳ್ಳುತ್ತದೆ. ಖಾತೆಗೆ ದುಡ್ಡು, ಓಡಾಡೋಕೆ ಕಾರು. ಮಣಿಕಟ್ಟಿಗೆ ಬರೆ ಹಾಕಿ, ಆ ಗುರುತು ಮುಚ್ಚೋಕೆ ಒಂದು ವಾಚು ಕೊಡುತ್ತಾರೆ ನೋಡಿ, ಇಡೀ ಸಿನಿಮಾದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಅದೇ.

ಇದು ಸುಮ್ನೆ ಹುಟ್ಟಿದ ಕಲ್ಪನೆಯಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 'ಸ್ಕಲ್ ಆ್ಯಂಡ್ ಬೋನ್ಸ್' ಅನ್ನೋ ಸಂಘ 1832ರಿಂದ ಇದೆ. ವರ್ಷಕ್ಕೆ 15 ಜನರಿಗಷ್ಟೇ ಕರೆ. ನ್ಯೂ ಹೇವನ್‌ನ ಹೈ ಸ್ಟ್ರೀಟ್‌ನಲ್ಲಿರುವ ಅವರ ಕಟ್ಟಡಕ್ಕೆ ಹೆಸರೇ 'ಟೂಂಬ್', ಅಂದ್ರೆ ಗೋರಿ! ಅಮೆರಿಕದ ಅಧ್ಯಕ್ಷರಾಗಿದ್ದ ಟ್ಯಾಫ್ಟ್ ಇದರ ಸದಸ್ಯ, ಅವರ ಅಪ್ಪ ಸ್ಥಾಪಕರಲ್ಲೊಬ್ಬರು. 2004ರ ಅಧ್ಯಕ್ಷ ಚುನಾವಣೆಯಲ್ಲಂತೂ ಎದುರಾಬದುರು ನಿಂತ ಬುಷ್, ಕೆರಿ ಇಬ್ಬರೂ ಇದೇ ಸಂಘದವರು. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1990ರ ದಶಕದಲ್ಲಿ, ಅದೂ ಹಳಬರ ಜೊತೆ ದೊಡ್ಡ ಜಗಳವಾದ ಮೇಲೆ.

ಸಿನಿಮಾ ಮಾತ್ರ ಕೊನೆಗೆ ಹಳಿ ತಪ್ಪುತ್ತದೆ, ಈ ಕಾಲದಲ್ಲೂ ಪಿಸ್ತೂಲಿನ ದ್ವಂದ್ವಯುದ್ಧವಂತೆ, ನಗು ಬಂದ್ರೆ ನಕ್ಕುಬಿಡಿ. ಪೈರಸಿ ಲಿಂಕ್ ಹಾಕಬೇಡಿ. ಬರುವವರು ಒಂದು ಹೆಬ್ಬೆಟ್ಟು ಒತ್ತಿ ಸಾಕು.