ಉಂಡ ಮೇಲಿನ ಹತ್ತು ನಿಮಿಷ

ಮೂಡಿಗೆರೆ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ರಕ್ತಪರೀಕ್ಷೆಯಲ್ಲಿ ನಿನಗೂ ಸಕ್ಕರೆ ಕಾಯಿಲೆ ಇರುವುದು ತಿಳಿಯಿತೆಂದೂ, ಕಚೇರಿಯ ಕೆಲಸದ ನಡುವೆ ಮಹಾರಾಜ ಪಾರ್ಕಿಗೆ ಹೋಗಿ ಗಂಟೆಗಟ್ಟಲೆ ನಡೆಯಲು ಬಿಡುವೇ ಸಿಗುವುದಿಲ್ಲವೆಂದೂ ನಿನ್ನ ಅಪ್ಪ ಫೋನಿನಲ್ಲಿ ತಿಳಿಸಿದ. ಗಂಟೆ ಸಿಗದಿದ್ದರೆ ಹೋಗಲಿ. 10 ನಿಮಿಷವನ್ನು ದಿನಕ್ಕೆ ಮೂರು ಸಲ ಹೊಂದಿಸಿಕೊಳ್ಳುವುದು ನಿನ್ನಿಂದಾಗದ ಕೆಲಸವಲ್ಲ.

ನಾನು ಈ ಕಾಯಿಲೆಯೊಡನೆ 18 ವರ್ಷ ಕಳೆದವನು. ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹಾಕಿ ಬಂದರೆ ಆ ದಿನದ ವ್ಯಾಯಾಮ ಮುಗಿಯಿತೆಂದು ಬಹುಕಾಲ ನಂಬಿದ್ದೆ. ರಾತ್ರಿ ಅಕ್ಕಿರೊಟ್ಟಿಯೋ ಕಡುಬೋ ತಿಂದು ಕುರ್ಚಿಗೆ ಒರಗಿದವನು ಏಳುತ್ತಿದ್ದುದು ಮಲಗುವುದಕ್ಕೆ ಮಾತ್ರ. ಬೆಳಗಿನ ನಡಿಗೆ ವ್ಯರ್ಥವೆಂದಲ್ಲ, ಆದರೆ ಸಕ್ಕರೆ ಹೆಚ್ಚಾಗಿ ಏರುವುದು ಉಂಡ ಮೇಲೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಟೈಪ್ 2 ಮಧುಮೇಹಿಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೊಮ್ಮೆ 30 ನಿಮಿಷ ನಡೆದಾಗ ಇದ್ದುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಸರಾಸರಿ ಶೇ. 12ರಷ್ಟು, ರಾತ್ರಿಯೂಟದ ಬಳಿಕವಂತೂ ಶೇ. 22ರಷ್ಟು ಕಡಿಮೆ ಇತ್ತು. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದ ಗ್ಲೂಕೋಸನ್ನು ತಾನೇ ಎಳೆದುಕೊಳ್ಳುತ್ತದೆ. ಅದರಲ್ಲೂ ತೊಡೆಯಂತಹ ದೊಡ್ಡ ಸ್ನಾಯುಗಳು ದುಡಿದರೆ ಹೆಚ್ಚು ಲಾಭ.

ನಮ್ಮಲ್ಲಿ ಮಳೆ ಹಿಡಿಯಿತೆಂದರೆ ಅಂಗಳಕ್ಕೆ ಇಳಿಯುವಂತಿಲ್ಲವಾದ್ದರಿಂದ ನಾನು ಜಗಲಿಯಲ್ಲೇ ಆ ತುದಿಯಿಂದ ಈ ತುದಿಗೆ ನಡೆಯುತ್ತೇನೆ. ನಿನ್ನ ದೊಡ್ಡಮ್ಮ ಗಾಣದೆತ್ತು ಎನ್ನುತ್ತಾಳೆ, ಎನ್ನಲಿ. ನಿನಗೆ ಕಚೇರಿಯ ಮೆಟ್ಟಿಲುಗಳಿವೆ. ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟೆದ್ದು ಎರಡು ಮೂರು ನಿಮಿಷ ಓಡಾಡುವುದೂ ಲೆಕ್ಕಕ್ಕೆ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನ್ನಂತೆ ಉಡಾಫೆ ಮಾಡಬೇಡ. ಹಿಂದೊಮ್ಮೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ, ತಿಂಡಿಗೆ ಮೊದಲೇ ತೋಟದ ದಿಬ್ಬ ಹತ್ತಿದೆ. ಸಕ್ಕರೆ ತೀರಾ ಇಳಿದು ಮೈ ಬೆವತು, ಕೈ ನಡುಗಿ, ಸಿಲ್ವರ್ ಮರಕ್ಕೆ ಒರಗಿ ಕುಳಿತುಬಿಟ್ಟೆ. ಆ ಬಗೆಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಬರೆದುಕೊಟ್ಟಿದ್ದರೆ, ವ್ಯಾಯಾಮದ ಹೊತ್ತನ್ನು ವೈದ್ಯರಲ್ಲಿ ಕೇಳಿಯೇ ನಿಶ್ಚಯಿಸು ಮತ್ತು ಜೇಬಿನಲ್ಲಿ ಗ್ಲೂಕೋಸ್ ಪುಡಿ ಇಟ್ಟುಕೋ. ರಕ್ತದ ಸಕ್ಕರೆ 70 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗಿಳಿದರೆ 15 ಗ್ರಾಂನಷ್ಟು ತಿಂದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಬರಿಗಾಲಲ್ಲಿ ನಡೆಯಬೇಡ, ಈ ಕಾಯಿಲೆಯಲ್ಲಿ ಪಾದದ ಗಾಯ ನಮಗೇ ತಿಳಿಯದಂತೆ ಬೆಳೆಯಬಲ್ಲದು.

ದೀಪಾವಳಿಗೆ ಬರುವಾಗ ಗ್ಲೂಕೋಮೀಟರ್ ತೆಗೆದುಕೊಂಡು ಬಾ. ಒಂದು ರಾತ್ರಿ ಉಂಡು ಕುಳಿತು, ಮರುರಾತ್ರಿ ಅದೇ ಊಟ ಉಂಡು ನನ್ನೊಡನೆ ಜಗಲಿಯಲ್ಲಿ ನಡೆದು, ಎರಡು ಗಂಟೆಯ ಬಳಿಕದ ಅಂಕಿಗಳನ್ನು ನೀನೇ ಹೋಲಿಸಿ ನೋಡು.

ಇತಿ,
ನಿನ್ನ ದೊಡ್ಡಪ್ಪ